ಓದು, ನಿದ್ರೆ, ನೆನಪು: ಪದವಿ ಪರೀಕ್ಷೆ ಬರೆಯುವ ಮಕ್ಕಳ ಆರೋಗ್ಯ

ಈ ಪುಟದಲ್ಲಿ ಸಾಮಾನ್ಯವಾಗಿ ಜ್ವರ, ಮಂಡಿನೋವು, ಸಕ್ಕರೆ ಕಾಯಿಲೆ ಮೊದಲಾದ ವ್ಯಾಧಿಗಳ ವಿಚಾರ ಬರುತ್ತದೆ. ಈ ತಿಂಗಳು ವೈದ್ಯರ ಚೀಟಿಯಲ್ಲಿ ಹೆಸರು ಕಾಣದ ಒಂದು ಬಾಧೆಯನ್ನು ಕುರಿತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ. ಎಂಜಿನಿಯರಿಂಗ್ ಮತ್ತು ವಿಜ್ಞಾನ ಪದವಿ ಓದುತ್ತಿರುವ ನಮ್ಮ ಮನೆಗಳ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ನಿದ್ದೆಗೆಡುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಹೊಟ್ಟೆನೋವು ತಲೆನೋವು ಎನ್ನುತ್ತಾರೆ. ಇಷ್ಟು ದೇಹದಂಡನೆ ಮಾಡಿದ ಮೇಲೂ ಫಲಿತಾಂಶ ಬಂದಾಗ ಒಂದೆರಡು ವಿಷಯಗಳು ಬಾಕಿ ಉಳಿಯುತ್ತವೆ. ಆಗ ಮನೆಯವರು ಮಗು ಓದಲಿಲ್ಲವೆಂದು ನೊಂದುಕೊಳ್ಳುತ್ತಾರೆ. ಮಗು ತನಗೆ ಬುದ್ಧಿಯೇ ಇಲ್ಲವೆಂದು ಕುಗ್ಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಈ ಎರಡೂ ತೀರ್ಮಾನಗಳು ತಪ್ಪು. ಶ್ರಮವೂ ಇದೆ, ಬುದ್ಧಿಯೂ ಇದೆ. ಓದುವ ಕ್ರಮ ಮಾತ್ರ ನೆನಪಿನ ಸ್ವಭಾವಕ್ಕೂ ಶರೀರದ ಧರ್ಮಕ್ಕೂ ಹೊಂದಿಲ್ಲ. ಆ ಕ್ರಮ ಯಾವುದು, ಅದನ್ನು ಹೇಗೆ ರೂಢಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಸಂಸೆಯಂಥ ಊರಿನ ಮಕ್ಕಳು

ಸಂಸೆಯನ್ನೇ ತೆಗೆದುಕೊಳ್ಳೋಣ. ಕಳಸದಿಂದ ಕುದುರೆಮುಖಕ್ಕೆ ಹೋಗುವ ಹಾದಿಯಲ್ಲಿ, ಟೀ ತೋಟದ ಹಸುರಿನ ನಡುವೆ ಇರುವ ಊರು. ಸುತ್ತಲೂ ಕಾಫಿ, ಅಡಿಕೆ, ಮೆಣಸು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದರೊಂದಿಗೆ ಹತ್ತಿರದಲ್ಲಿ ಸಿಗುತ್ತಿದ್ದ ಸಂಬಳದ ಕೆಲಸಗಳೂ ಹೋದವು. ತೋಟ ಚಿಕ್ಕದು, ಮಳೆಯನ್ನು ನಂಬುವಂತಿಲ್ಲ, ಕಾಫಿಯ ಬೆಲೆ ಒಂದು ವರ್ಷವಿದ್ದಂತೆ ಇನ್ನೊಂದು ವರ್ಷವಿರುವುದಿಲ್ಲ. ಆದುದರಿಂದ ಸಣ್ಣ ಬೆಳೆಗಾರರ ಮನೆಯಲ್ಲಿಯೂ ತೋಟದ ಲೈನುಮನೆಗಳಲ್ಲಿಯೂ ಭರವಸೆಯೆಲ್ಲ ಮಗನ ಅಥವಾ ಮಗಳ ಪದವಿಯ ಮೇಲೆ ನಿಂತಿದೆ. ಚಿಕ್ಕಮಗಳೂರು, ಹಾಸನ, ಉಜಿರೆ, ಮಂಗಳೂರು, ಬೆಂಗಳೂರು ಎಂದು ಮಕ್ಕಳು ದೂರದ ಕಾಲೇಜುಗಳನ್ನು ಸೇರುತ್ತಾರೆ. ಮನೆಯಲ್ಲಿ ಪದವಿ ಓದುವ ಮೊದಲಿಗರು ಇವರೇ ಆಗಿರುವುದೂ ಉಂಟು. ಕೇಳಿ ತಿಳಿಯಲು ಅಣ್ಣನಿಲ್ಲ, ಅಕ್ಕನಿಲ್ಲ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಮಗು ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರಿನಲ್ಲಿ ಎಡವುವುದೇಕೆ? ಪಿಯುಸಿಯಲ್ಲಿ ಒಂದು ಪಠ್ಯಪುಸ್ತಕವನ್ನು ವರ್ಷಪೂರ್ತಿ ಓದಿಸುತ್ತಾರೆ, ಅಧ್ಯಾಪಕರು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಪದವಿಯಲ್ಲಿ ಸೆಮಿಸ್ಟರಿನ ಪಾಠ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ, ಪುಸ್ತಕಗಳು ಹಲವು, ಬೋಧನೆ ಇಂಗ್ಲಿಷಿನಲ್ಲಿ, ಎಚ್ಚರಿಸುವವರು ಕಡಿಮೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಂದು ವಿಷಯವೆಂದರೆ ಐದು ಮಾಡ್ಯೂಲುಗಳು. ಐದು ವಿಷಯಗಳಿಗೆ 25 ಮಾಡ್ಯೂಲುಗಳಾದವು. ಎಲ್ಲವನ್ನೂ ಪರೀಕ್ಷೆಗೆ ಮುಂಚಿನ ಹತ್ತು ದಿನಗಳ ಓದಿನ ರಜೆಗೆ ಉಳಿಸಿಕೊಂಡರೆ ದಿನಕ್ಕೆ ಎರಡೂವರೆ ಮಾಡ್ಯೂಲುಗಳನ್ನು ಮುಗಿಸಬೇಕು. ಅದು ಆಗದ ಮಾತು. ಆಗದ ಮಾತನ್ನು ಆಗಿಸಲು ಹೊರಟಾಗ ಮೊದಲು ಹೋಗುವುದು ನಿದ್ದೆ, ಆಮೇಲೆ ಊಟ, ಕೊನೆಗೆ ಧೈರ್ಯ.

ಮರೆವಿನ ಸ್ವಭಾವ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಅವು ಎಷ್ಟು ಹೊತ್ತು ಮನಸ್ಸಿನಲ್ಲಿ ನಿಲ್ಲುತ್ತವೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಕಲಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಸವೆದಿತ್ತು. ಒಂದು ದಿನದ ನಂತರ ಉಳಿದದ್ದು ಮೂರನೆಯ ಒಂದು ಭಾಗ. ಒಂದು ತಿಂಗಳ ನಂತರ ಸುಮಾರು ಐದನೆಯ ಒಂದು ಭಾಗ. ಅರ್ಥ ತಿಳಿದು ಓದಿದ ವಿಷಯ ಇಷ್ಟು ಬೇಗ ಅಳಿಯುವುದಿಲ್ಲವಾದರೂ ಮರೆವಿನ ರೀತಿ ಅದೇ: ಮೊದಲು ಭರದಿಂದ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ.

ಇದರಿಂದ ತಿಳಿಯಬೇಕಾದುದು ಎರಡು. ಮರೆಯುವುದು ರೋಗವಲ್ಲ, ಅದು ಎಲ್ಲ ಮಿದುಳುಗಳ ಸಹಜ ಧರ್ಮ. ನಿನ್ನೆ ಓದಿದ್ದು ಇಂದು ನೆನಪಿಲ್ಲವೆಂದು ಅಳುವ ಮಗುವಿಗೆ ಈ ಮಾತನ್ನು ಮೊದಲು ಹೇಳಬೇಕು. ಎರಡನೆಯದು, ಮರೆಯುವ ಮುನ್ನ ಮತ್ತೊಮ್ಮೆ ನೆನೆದರೆ ಇಳಿಜಾರು ಸಣ್ಣದಾಗುತ್ತದೆ. ಹೀಗೆ ಅಂತರ ಬಿಟ್ಟು ಮೂರು ನಾಲ್ಕು ಬಾರಿ ನೆನೆದದ್ದು ತಿಂಗಳುಗಟ್ಟಲೆ ನಿಲ್ಲುತ್ತದೆ. ಒಂದೇ ದಿನ ಕುಳಿತು ಆರು ಗಂಟೆ ಓದುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಓದುವುದು ಲಾಭಕರ. ಮಳೆಯೆಲ್ಲ ಒಂದೇ ರಾತ್ರಿ ಸುರಿದರೆ ಮಣ್ಣು ಕೊಚ್ಚಿಹೋಗುತ್ತದೆ, ಹದವಾಗಿ ಬಿಟ್ಟುಬಿಟ್ಟು ಬಂದರೆ ಬೇರಿಗೆ ಇಳಿಯುತ್ತದೆ. ತೋಟದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಚರಣೆಯಲ್ಲಿ ಹೀಗೆ ಮಾಡಬಹುದು. ಇಂದು ತರಗತಿಯಲ್ಲಿ ಕೇಳಿದ್ದನ್ನು ಇಂದು ಸಂಜೆಯೇ ಇಪ್ಪತ್ತು ನಿಮಿಷ ಮೆಲುಕು ಹಾಕುವುದು. ಮೂರು ದಿನಗಳ ನಂತರ ಹತ್ತು ನಿಮಿಷ, ವಾರದ ನಂತರ ಹತ್ತು ನಿಮಿಷ, ಮೂರು ವಾರಗಳ ನಂತರ ಮತ್ತೊಮ್ಮೆ. ದಿನಾಂಕಗಳನ್ನು ನೋಟುಪುಸ್ತಕದ ಅಂಚಿನಲ್ಲಿ ಬರೆದಿಟ್ಟರೆ ಸಾಕು. ಬೇರೆ ಸಲಕರಣೆ ಬೇಡ.

ಪುಸ್ತಕ ಮುಚ್ಚಿ ಓದುವುದು

ನಮ್ಮ ಮಕ್ಕಳು ಹೆಚ್ಚಾಗಿ ಓದುವ ರೀತಿ ಯಾವುದು? ಟಿಪ್ಪಣಿಯನ್ನು ಎರಡು ಮೂರು ಬಾರಿ ಓದುವುದು, ಮುಖ್ಯವೆನಿಸಿದ ಸಾಲುಗಳಿಗೆ ಹಳದಿ ಬಣ್ಣ ಬಳಿಯುವುದು. ಮೂರನೆಯ ಬಾರಿ ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ. ಪರಿಚಯವನ್ನೇ ಜ್ಞಾನವೆಂದು ಮನಸ್ಸು ಭಾವಿಸುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮುಂದೆ ಪುಸ್ತಕವಿರುವುದಿಲ್ಲ. ಅಲ್ಲಿ ಬೇಕಾದದ್ದು ಒಳಗಿನಿಂದ ಹೊರತೆಗೆಯುವ ಶಕ್ತಿ. ಅದನ್ನು ಅಭ್ಯಾಸ ಮಾಡಿರುವುದಿಲ್ಲ.

ಅಮೆರಿಕದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಸಣ್ಣ ಪಾಠಗಳನ್ನು ಕೊಟ್ಟರು. ಕೆಲವು ಪಾಠಗಳನ್ನು ಎರಡು ಬಾರಿ ಓದಿಸಿದರು. ಇನ್ನು ಕೆಲವನ್ನು ಒಮ್ಮೆ ಓದಿಸಿ, ಮುಚ್ಚಿಸಿ, ನೆನಪಿದ್ದದ್ದನ್ನೆಲ್ಲ ಬರೆಯಿಸಿದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಎರಡು ಬಾರಿ ಓದಿದ್ದೇ ಮುಂದಿತ್ತು: ಶೇಕಡ 81ಕ್ಕೆ ಎದುರಾಗಿ 75. ಒಂದು ವಾರದ ನಂತರ ಫಲ ತಿರುವುಮುರುವಾಯಿತು. ಎರಡು ಬಾರಿ ಓದಿದ್ದರಲ್ಲಿ ಶೇಕಡ 42 ಮಾತ್ರ ಉಳಿದಿತ್ತು. ಮುಚ್ಚಿ ಬರೆದದ್ದರಲ್ಲಿ ಶೇಕಡ 56. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ಇದ್ದಂತೆನಿಸಿ ಮುಂದಿನ ಸೆಮಿಸ್ಟರಿಗೆ ಮಾಯವಾಗುವುದೇಕೆಂಬುದಕ್ಕೂ ಇಲ್ಲಿ ಉತ್ತರವಿದೆ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಪರಾಮರ್ಶಿಸಿದಾಗ, ಸ್ವಯಂಪರೀಕ್ಷೆ ಮತ್ತು ಅಂತರ ಬಿಟ್ಟು ಮಾಡುವ ಅಭ್ಯಾಸ ಇವೆರಡಕ್ಕೆ ಮಾತ್ರ ಅತಿ ಉಪಯುಕ್ತವೆಂಬ ಸ್ಥಾನ ಸಿಕ್ಕಿತು. ಮರು ಓದು ಮತ್ತು ಬಣ್ಣ ಬಳಿಯುವುದು ಕಡಿಮೆ ಉಪಯುಕ್ತವೆಂಬ ಕೆಳಗಿನ ಸಾಲಿಗೆ ಸೇರಿದವು.

ಆದುದರಿಂದ ಒಂದು ಪ್ರಕರಣವನ್ನು ಗಮನವಿಟ್ಟು ಓದಿದ ಮೇಲೆ ಪುಸ್ತಕವನ್ನು ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದದ್ದನ್ನು ಬರೆಯಬೇಕು. ಸೂತ್ರ, ಅದರ ಪ್ರತಿಯೊಂದು ಅಕ್ಷರದ ಅರ್ಥ, ಮಾನ, ಚಿತ್ರ, ಒಂದು ಉದಾಹರಣೆ. ಅನಂತರ ಪುಸ್ತಕ ತೆರೆದು, ಬಿಟ್ಟದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಬೇಕು. ಆ ಬೇರೆ ಬಣ್ಣದ ಸಾಲುಗಳೇ ಮುಂದಿನ ಸಲದ ಪಾಠ. ಆರಂಭದಲ್ಲಿ ಈ ಕೆಲಸ ಬೇಸರ ತರುತ್ತದೆ, ಏನೂ ಬರುತ್ತಿಲ್ಲವೆನಿಸುತ್ತದೆ. ಆ ತಿಣುಕಾಟದಲ್ಲಿಯೇ ನೆನಪು ಗಟ್ಟಿಯಾಗುತ್ತಿರುತ್ತದೆ.

ಲೆಕ್ಕಗಳ ಅಭ್ಯಾಸ

ಗಣಿತ, ಭೌತಶಾಸ್ತ್ರ, ವಿದ್ಯುತ್ ಮಂಡಲಗಳು, ಮೆಕ್ಯಾನಿಕ್ಸ್ ಮೊದಲಾದ ವಿಷಯಗಳಲ್ಲಿ ಬಿಡಿಸಿಟ್ಟ ಲೆಕ್ಕವನ್ನು ಓದುವುದು ಲೆಕ್ಕ ಬಿಡಿಸಿದಂತಾಗುವುದಿಲ್ಲ. ಈಜುವವರನ್ನು ದಡದಿಂದ ನೋಡಿ ಈಜು ಬಾರದು. ಮಾದರಿ ಲೆಕ್ಕವನ್ನು ಒಂದು ಬಾರಿ ಹಂತಹಂತವಾಗಿ ತಿಳಿದುಕೊಂಡ ಮೇಲೆ ಉತ್ತರವನ್ನು ಮುಚ್ಚಿ ಮೊದಲಿನಿಂದ ಬಿಡಿಸಬೇಕು. ಸಿಕ್ಕಿಬಿದ್ದೆಡೆಯಲ್ಲಿ ಹತ್ತು ನಿಮಿಷ ಯೋಚಿಸಿ, ಆ ಒಂದು ಹಂತವನ್ನಷ್ಟೇ ನೋಡಿ, ಮತ್ತೆ ಮುಚ್ಚಬೇಕು.

ಇನ್ನೊಂದು ಸೂಕ್ಷ್ಮವಿದೆ. ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಒಟ್ಟಿಗೆ ಮಾಡಿದರೆ ಕೈ ಓಡುತ್ತದೆ, ಸಂತೋಷವೂ ಆಗುತ್ತದೆ. ಆದರೆ ಪರೀಕ್ಷೆಯಲ್ಲಿ ಲೆಕ್ಕದ ನೆತ್ತಿಯ ಮೇಲೆ ಅದು ಯಾವ ಬಗೆಯದೆಂದು ಬರೆದಿರುವುದಿಲ್ಲ. ಅವಕಲ ಸಮೀಕರಣ ಕೊಟ್ಟಾಗ ಅದು ಲೀನಿಯರೋ, ಎಕ್ಸಾಕ್ಟೋ, ಬರ್ನೂಲಿಯದೋ ಎಂದು ಗುರುತಿಸುವುದೇ ಅರ್ಧ ಕೆಲಸ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿತರು. ಬಗೆಬಗೆಯಾಗಿ ವಿಂಗಡಿಸಿ ಮಾಡಿದವರು ಅಭ್ಯಾಸದ ವೇಳೆ ಶೇಕಡ 89 ಸರಿ ಮಾಡಿದರು, ಕಲಸಿ ಮಾಡಿದವರು ಶೇಕಡ 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಕಲಸಿ ಮಾಡಿದವರು ಶೇಕಡ 63 ಪಡೆದರೆ, ವಿಂಗಡಿಸಿ ಮಾಡಿದವರು ಶೇಕಡ 20ಕ್ಕೆ ಇಳಿದರು. ಹೊಸ ಬಗೆಯನ್ನು ಮೊದಲು ನಾಲ್ಕೈದು ಲೆಕ್ಕಗಳಿಂದ ಪಳಗಿಸಿಕೊಂಡು, ಆಮೇಲೆ ಹಿಂದಿನ ಅಧ್ಯಾಯಗಳ ಲೆಕ್ಕಗಳೊಂದಿಗೆ ಬೆರೆಸಬೇಕು. ಹಳೆಯ ಪ್ರಶ್ನೆಪತ್ರಿಕೆಗಳು ಇದಕ್ಕೆ ಅತ್ಯುತ್ತಮ ಸಾಧನ. ಅವನ್ನು ಕೊನೆಯ ವಾರಕ್ಕೆ ಕೂಡಿಡದೆ, ಮೊದಲ ಮಾಡ್ಯೂಲು ಮುಗಿದ ದಿನದಿಂದಲೇ ಬಳಸತೊಡಗಬೇಕು.

ಕನ್ನಡದಲ್ಲಿ ತಿಳಿದು ಇಂಗ್ಲಿಷಿನಲ್ಲಿ ಬರೆಯುವುದು

ಕನ್ನಡ ಮಾಧ್ಯಮದಿಂದ ಹೋದ ಮಕ್ಕಳಿಗೆ ಭಾಷೆಯೇ ಮೊದಲ ಬೆಟ್ಟ. ವಾಕ್ಯ ಅರ್ಥವಾಗದೆ ಬಾಯಿಪಾಠಕ್ಕೆ ಇಳಿಯುತ್ತಾರೆ. ಪ್ರಶ್ನೆಯ ಮಾತು ಸ್ವಲ್ಪ ಬದಲಾದರೂ ಬಾಯಿಪಾಠ ಕೈಕೊಡುತ್ತದೆ. ನಮ್ಮ ಸಲಹೆ ಇದು: ತಿಳಿಯುವುದು ಕನ್ನಡದಲ್ಲಿ ಆಗಲಿ, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿಯೇ ಇರಲಿ, ಬರೆಯುವ ಅಭ್ಯಾಸ ಇಂಗ್ಲಿಷಿನಲ್ಲಿ ಸಾಗಲಿ. ದ್ರವಗಳ ಚಲನೆಯ ಪಾಠದಲ್ಲಿ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ವೇಗಗಳ ಗುಣಲಬ್ಧ ಒಂದೇ ಆಗಿರುತ್ತದೆ ಎಂಬ ನಿಯಮ ಬರುತ್ತದೆ. ಭದ್ರೆ ಅಗಲವಾದೆಡೆ ಸಾವಧಾನವಾಗಿ, ಬಂಡೆಗಳ ನಡುವೆ ಕಿರಿದಾದೆಡೆ ರಭಸದಿಂದ ಹರಿಯುವುದನ್ನು ಬಾಲ್ಯದಿಂದ ಕಂಡ ಮಗುವಿಗೆ ಆ ನಿಯಮ ಹೊಸದೇನಲ್ಲ. ಕಣದಲ್ಲಿ ಕಾಫಿಯನ್ನು ತೆಳ್ಳಗೆ ಹರಡಿದರೆ ಬೇಗ ಒಣಗುತ್ತದೆ, ಗಾಳಿಯಾಡಿದರೆ ಇನ್ನೂ ಬೇಗ ಎಂಬುದನ್ನು ಬಲ್ಲ ಮಗಳು ಆವಿಯಾಗುವಿಕೆಯ ಪಾಠಕ್ಕೆ ಬರಿಗೈಯಲ್ಲಿ ಬಂದವಳಲ್ಲ. ತಿಳಿದದ್ದಕ್ಕೆ ಹೊಸದನ್ನು ಗಂಟು ಹಾಕಿದರೆ ನೆನಪು ಬಿಚ್ಚಿಕೊಳ್ಳುವುದಿಲ್ಲ.

ತಿಳಿದುದನ್ನು ಇನ್ನೊಬ್ಬರಿಗೆ ಹೇಳುವುದು ತಿಳಿವಳಿಕೆಯ ಒಳ್ಳೆಯ ಒರೆಗಲ್ಲು. ಯಾರ ಹೆಸರಿನ ವಿಶ್ವವಿದ್ಯಾಲಯದಲ್ಲಿ ನಮ್ಮ ಮಕ್ಕಳು ಪರೀಕ್ಷೆ ಬರೆಯುತ್ತಿದ್ದಾರೋ ಆ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ನಿಭಾಯಿಸಿಕೊಂಡು 1881ರಲ್ಲಿ ಪದವಿ ಪಡೆದವರು. ಹಾಸ್ಟೆಲಿನಲ್ಲಿ ಮೂವರು ಗೆಳೆಯರು ಸೇರಿ ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಒಂದೊಂದು ಮಾಡ್ಯೂಲನ್ನು ಹಲಗೆಯ ಮೇಲೆ ವಿವರಿಸಿದರೆ, ಯಾರಿಗೆ ಎಲ್ಲಿ ತಿಳಿದಿಲ್ಲವೆಂಬುದು ಪರೀಕ್ಷೆಗೆ ಮೊದಲೇ ಬಯಲಾಗುತ್ತದೆ.

ನಿದ್ರೆಯೂ ಓದಿನ ಒಂದು ಭಾಗ

ಹಗಲು ಕಲಿತದ್ದನ್ನು ಮಿದುಳು ನಿದ್ರೆಯಲ್ಲಿ ಅಣಿಗೊಳಿಸಿ ನೆಲೆಗೊಳಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ, ಕಲಿತ ಮೇಲೆ ಮಲಗಿದವರು ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂದು ತೋರಿಸಿದ್ದರು. ರಾತ್ರಿಯಿಡೀ ಎಚ್ಚರವಿದ್ದು ಓದುವವರು ಬಿತ್ತನೆ ಮಾಡಿ ಮಣ್ಣು ಮುಚ್ಚದೆ ಎದ್ದುಹೋದವರಂತೆ.

ನಿದ್ದೆಯ ಸಾಲ ಕೂಡುತ್ತಾ ಹೋಗುತ್ತದೆ ಎಂಬುದನ್ನೂ ತಿಳಿಯಬೇಕು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನಾಲ್ಕು ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಎಚ್ಚರ ಮತ್ತು ಗ್ರಹಣಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ವಿಚಾರ ಮಾಡಬೇಕಾದ ಅಂಶವೆಂದರೆ, ತಾವು ಇಷ್ಟು ಕುಗ್ಗಿದ್ದೇವೆಂಬ ಅರಿವು ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ನನಗೆ ಐದು ಗಂಟೆ ನಿದ್ದೆ ಸಾಕು ಎನ್ನುವ ಮಗುವಿನ ಮಾತನ್ನು ಈ ಬೆಳಕಿನಲ್ಲಿ ಕೇಳಬೇಕು. ಹದಿನೆಂಟು ದಾಟಿದವರಿಗೆ ರಾತ್ರಿ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಅದಕ್ಕಿಂತ ಚಿಕ್ಕವರಿಗೆ ಎಂಟು. ಹತ್ತಕ್ಕೆ ಮಲಗಿ ಐದೂವರೆಗೆ ಎದ್ದರೆ ಏಳೂವರೆ ಗಂಟೆಯಾಯಿತು. ಮಠಗಳ ಪ್ರಸಾದನಿಲಯಗಳಲ್ಲಿ ಓದಿದ ಹಿರಿಯರಿಗೆ ಈ ಶಿಸ್ತು ಹೊಸದಲ್ಲ. ಅಲ್ಲಿ ಮಲಗುವುದಕ್ಕೂ ಏಳುವುದಕ್ಕೂ ಗಂಟೆಯೇ ನಿಯಾಮಕ. ಮಲಗುವ ಅರ್ಧ ಗಂಟೆಗೆ ಮುಂಚೆ ಮೊಬೈಲನ್ನು ಕೈಗೆಟುಕದ ಕಡೆ ಇಡುವುದು ಇಂದಿನ ಕಾಲಕ್ಕೆ ಸೇರಿಸಬೇಕಾದ ನಿಯಮ.

ಕಾಫಿಯ ಲೆಕ್ಕ

ಕಾಫಿಯ ನಾಡಿನಲ್ಲಿ ನಿಂತು ಕಾಫಿಯ ವಿಚಾರ ಹೇಳದೆ ಇರಲಾಗದು. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೊಸಿನ್ ಎಂಬ ದ್ರವ್ಯ ಶೇಖರವಾಗಿ ನಿದ್ದೆಯ ಒತ್ತಡವನ್ನು ಉಂಟುಮಾಡುತ್ತದೆ. ಕೆಫೀನ್ ಅದರ ಬಾಗಿಲಿಗೆ ಅಡ್ಡ ನಿಲ್ಲುತ್ತದೆಯೇ ಹೊರತು ಆಯಾಸವನ್ನು ತೆಗೆಯುವುದಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದ ಲೋಟದ ಅರ್ಧ ಕೆಫೀನ್ ಮೂರು ಗಂಟೆಗೂ ರಕ್ತದಲ್ಲಿರುತ್ತದೆ. ಮಲಗುವ ಆರು ಗಂಟೆ ಮುಂಚೆ ಸೇವಿಸಿದ 400 ಮಿಲಿಗ್ರಾಂ ಕೆಫೀನ್ ಒಂದು ಗಂಟೆಗೂ ಹೆಚ್ಚು ನಿದ್ದೆಯನ್ನು ಕಳೆಯಿತೆಂದು 2013ರ ಒಂದು ಅಧ್ಯಯನ ತೋರಿಸಿದೆ. ನಮ್ಮಲ್ಲಿ ಬೆಳೆಯುವ ಎರಡು ಬಗೆಗಳಲ್ಲಿ ರೊಬಸ್ಟಾದ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು ಎಂಬುದೂ ನೆನಪಿರಲಿ. ಬೆಳಿಗ್ಗೆ ಒಂದು, ಮಧ್ಯಾಹ್ನದ ನಂತರ ಒಂದು, ಸಂಜೆ ನಾಲ್ಕರ ಮೇಲೆ ಬೇಡ ಎಂಬ ಕಟ್ಟು ಸುಲಭ. ಬರಿಹೊಟ್ಟೆಯಲ್ಲಿ ಮೇಲಿಂದ ಮೇಲೆ ಕುಡಿದ ಕಾಫಿಯಿಂದ ಎದೆಯುರಿ, ಕೈನಡುಕ, ಎದೆಬಡಿತ ಉಂಟಾದಾಗ ಮಕ್ಕಳು ಅದನ್ನು ಪರೀಕ್ಷೆಯ ಭಯವೆಂದು ತಿಳಿಯುವುದುಂಟು.

ಊಟ, ಕಣ್ಣು, ನಡಿಗೆ

ಪರೀಕ್ಷೆಯ ದಿನ ಉಪವಾಸ ಹೋಗಬಾರದು. ಅಕ್ಕಿರೊಟ್ಟಿ, ಇಡ್ಲಿ, ಕಡುಬು, ಉಪ್ಪಿಟ್ಟು, ಯಾವುದಾದರೂ ಸರಿ. ದಿನವೂ ಒಗ್ಗಿದ ತಿಂಡಿಯಾಗಿರಲಿ, ಹೊಟ್ಟೆ ಬಿರಿಯುವಷ್ಟು ಬೇಡ. ಹೆಣ್ಣುಮಕ್ಕಳ ವಿಚಾರವಾಗಿ ವಿಶೇಷವಾಗಿ ಹೇಳಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ಓದಲು ಕುಳಿತ ಕೂಡಲೇ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ಏಕಾಗ್ರತೆಯ ಕೊರತೆ ಇದ್ದರೆ ಸೋಮಾರಿತನವೆಂದು ಬೈಯುವ ಮುನ್ನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಸಿರುಸೊಪ್ಪು, ಕಾಳುಗಳು ಊಟದಲ್ಲಿರಲಿ. ಜೊತೆಗೆ ನಿಂಬೆ ಅಥವಾ ನೆಲ್ಲಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದ ಜೊತೆಗೇ ಕುಡಿಯುವ ಟೀ, ಕಾಫಿ ಅದನ್ನು ತಡೆಯುತ್ತವೆ. ಒಂದು ಗಂಟೆ ಅಂತರವಿರಲಿ.

ಪರದೆಯ ಮೇಲೆ ಓದುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಕಣ್ಣಿಗೆ ವಿರಾಮ ಸಿಗುತ್ತದೆ. ಹಲಗೆಯ ಅಕ್ಷರ ಮಸುಕಾಗಿ ಕಂಡರೆ ಕಣ್ಣಿನ ಪರೀಕ್ಷೆ ತಡಮಾಡಬಾರದು. ನಲವತ್ತೈದು ನಿಮಿಷ ಓದಿ, ಹತ್ತು ನಿಮಿಷ ಎದ್ದು ನಡೆಯುವುದು ಬೆನ್ನಿಗೂ ಒಳ್ಳೆಯದು, ಬುದ್ಧಿಗೂ ಒಳ್ಳೆಯದು. ಆ ಹತ್ತು ನಿಮಿಷವನ್ನು ಮೊಬೈಲಿಗೆ ಕೊಟ್ಟರೆ ಅದು ವಿರಾಮವಾಗುವುದಿಲ್ಲ.

ಮಳೆಗಾಲದ ಓದು

ಸೆಮಿಸ್ಟರ್ ಪರೀಕ್ಷೆಗಳು ಸಾಮಾನ್ಯವಾಗಿ ಚಳಿಗಾಲದಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಬೀಳುತ್ತವೆ. ಮೊದಲನೆಯದು ಕಾಫಿ ಕೊಯ್ಲಿನ ಹೊತ್ತು, ಎರಡನೆಯದು ಜಡಿಮಳೆಯ ಹೊತ್ತು. ಓದಿನ ರಜೆಗೆಂದು ಊರಿಗೆ ಬಂದ ಮಗುವಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ. ಟಿಪ್ಪಣಿಗಳೆಲ್ಲ ಮೊಬೈಲಿನಲ್ಲಿ, ಮೊಬೈಲು ಸತ್ತಿದೆ. ಇದನ್ನು ಮೊದಲೇ ಎಣಿಸಬೇಕು. ಊರಿಗೆ ಹೊರಡುವ ಮುನ್ನ ಮುಖ್ಯ ಟಿಪ್ಪಣಿಗಳನ್ನೂ ಮೂರು ನಾಲ್ಕು ವರ್ಷಗಳ ಪ್ರಶ್ನೆಪತ್ರಿಕೆಗಳನ್ನೂ ಕಾಗದದ ಮೇಲೆ ತೆಗೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬರಬೇಕು. ಓದುವ ಮುಖ್ಯ ಕೆಲಸ ಹಗಲಿನ ಬೆಳಕಿನಲ್ಲಿ ಆಗಬೇಕು; ಚಿಮಣಿ ದೀಪದ ಮುಂದೆ ಬಾಗಿ ಕಣ್ಣು ದಣಿಸಿಕೊಳ್ಳುವ ಬದಲು ಕತ್ತಲಾದ ಮೇಲೆ ಹಗಲು ಓದಿದ್ದನ್ನು ಬಾಯಲ್ಲಿ ಹೇಳಿಕೊಳ್ಳಬಹುದು. ಸೌರದೀಪವಿದ್ದರೆ ಅದು ಮಗುವಿನ ಮೇಜಿಗೆ ಸಲ್ಲಲಿ. ಪರೀಕ್ಷೆಗೆ ಹಿಂದಿರುಗುವಾಗ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಮುಚ್ಚುವುದುಂಟು. ಒಂದು ದಿನ ಮುಂಚೆ ಊರು ಬಿಡುವುದು ಕ್ಷೇಮ.

ಪರೀಕ್ಷೆಯ ಮೂರು ಗಂಟೆ

ತಾಂತ್ರಿಕ ವಿಶ್ವವಿದ್ಯಾಲಯದ ಈಗಿನ ಕ್ರಮದಲ್ಲಿ ಬಹುಪಾಲು ವಿಷಯಗಳಿಗೆ ಮೂರು ಗಂಟೆಯ, ನೂರು ಅಂಕಗಳ ಪತ್ರಿಕೆ. ಪ್ರತಿ ಮಾಡ್ಯೂಲಿನಿಂದ ಎರಡು ಪ್ರಶ್ನೆಗಳಿದ್ದು ಒಂದನ್ನು ಆರಿಸಿಕೊಳ್ಳಬೇಕು. ಒಂದಕ್ಕೆ ಇಪ್ಪತ್ತು ಅಂಕ. ಬಂದ ಅಂಕವನ್ನು ಐವತ್ತಕ್ಕೆ ಇಳಿಸಿ, ಕಾಲೇಜಿನಲ್ಲಿ ವರ್ಷದ ನಡುವೆ ನಡೆವ ಆಂತರಿಕ ಮೌಲ್ಯಮಾಪನದ ಐವತ್ತನ್ನು ಸೇರಿಸುತ್ತಾರೆ. ಅಂದರೆ ಅರ್ಧ ಅಂಕಗಳು ದಿನದಿನದ ಓದಿನಿಂದಲೇ ಬರುತ್ತವೆ. ಕೊನೆಯ ರಾತ್ರಿಯ ಜಾಗರಣೆಯಿಂದ ಅವು ದೊರೆಯವು.

ಕೊಠಡಿಯಲ್ಲಿ ಮೊದಲ ಐದು ನಿಮಿಷ ಪತ್ರಿಕೆಯನ್ನು ಪೂರ್ತಿ ಓದಿ ಆಯ್ಕೆ ಮಾಡಿಕೊಳ್ಳಬೇಕು. ಒಂದು ಪ್ರಶ್ನೆಗೆ 33 ನಿಮಿಷದಂತೆ ಐದಕ್ಕೆ 165 ನಿಮಿಷ; ಕೊನೆಯ ಹತ್ತು ನಿಮಿಷ ಮರುಪರಿಶೀಲನೆಗೆ. ಚೆನ್ನಾಗಿ ಬರುವುದನ್ನು ಮೊದಲು ಬರೆಯಬೇಕು. ಲೆಕ್ಕ ಸಿಕ್ಕಿಬಿದ್ದರೆ ಜಾಗ ಬಿಟ್ಟು ಮುಂದೆ ಹೋಗಬೇಕು. ಸೂತ್ರ, ಚಿತ್ರ, ಸರಿಯಾದ ಹಂತಗಳಿಗೂ ಅಂಕವಿರುವುದರಿಂದ ಏನನ್ನೂ ಖಾಲಿ ಬಿಡಬಾರದು. ಎದೆ ಹೊಡೆದುಕೊಂಡರೆ ಪೆನ್ನನ್ನು ಕೆಳಗಿಟ್ಟು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಹತ್ತು ಬಾರಿ ಉಸಿರಾಡಿದರೆ ಹತೋಟಿಗೆ ಬರುತ್ತದೆ. ಇಡೀ ಪತ್ರಿಕೆಯನ್ನು ಹೀಗೆ ಗಡಿಯಾರವಿಟ್ಟು ಮನೆಯಲ್ಲಿ ಎರಡು ಮೂರು ಸಲ ಬರೆದವರಿಗೆ ಕೊಠಡಿ ಅಪರಿಚಿತವೆನಿಸುವುದಿಲ್ಲ.

ಮನಸ್ಸು ಕುಸಿದಾಗ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ವಿಷಯ ಬಾಕಿಯಾಯಿತೆಂದು, ತಂದೆ ಮಾಡಿದ ಸಾಲಕ್ಕೆ ತಾನು ದ್ರೋಹ ಬಗೆದೆನೆಂದು ಕೊರಗಿ ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಂದ ಮಕ್ಕಳಿದ್ದಾರೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಗೆಳೆಯರಿಂದಲೂ ಮನೆಯವರಿಂದಲೂ ದೂರವಾಗುವುದು, ಫೋನು ಎತ್ತದಿರುವುದು, ನಾನಿದ್ದು ಯಾರಿಗೂ ಪ್ರಯೋಜನವಿಲ್ಲ ಎಂಬ ಮಾತು, ಇವು ಎಚ್ಚರಿಕೆಯ ಚಿಹ್ನೆಗಳು. ಇವನ್ನು ನಾಟಕವೆಂದು ತಳ್ಳಿಹಾಕಬಾರದು. ಹತ್ತಿರ ಕೂರಿಸಿಕೊಂಡು, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊರೆ ಇಳಿಯುತ್ತದೆ. ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಭಾರತ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಬಾಕಿಯಾದ ವಿಷಯವನ್ನು ಮತ್ತೆ ಬರೆಯಬಹುದು. ಉತ್ತರಪತ್ರಿಕೆಯ ನಕಲು ಪಡೆಯಲು, ಮರುಮೌಲ್ಯಮಾಪನ ಕೇಳಲು ಅವಕಾಶವಿದೆ. ಕಳೆದುಹೋದ ಜೀವಕ್ಕೆ ಮರುಪರೀಕ್ಷೆಯಿಲ್ಲ.

ತಂದೆತಾಯಿಯರಿಗೆ

ಎಷ್ಟು ಗಂಟೆ ಓದಿದೆ ಎಂದು ಕೇಳುವುದನ್ನು ಬಿಟ್ಟು, ಇವತ್ತು ಏನು ಕಲಿತೆ ಮಗಾ, ನನಗೂ ಸ್ವಲ್ಪ ಹೇಳು ಎಂದು ಕೇಳಿ. ನಿಮಗೆ ಅದು ಪೂರ್ತಿ ತಿಳಿಯಬೇಕೆಂದಿಲ್ಲ. ಹೇಳುವುದರಿಂದ ಮಗುವಿನ ನೆನಪು ಬಲಿಯುತ್ತದೆ, ಕೇಳುವುದರಿಂದ ಬಾಂಧವ್ಯ ಬಲಿಯುತ್ತದೆ. ಪಕ್ಕದ ಮನೆಯ ಮಗುವಿನ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ. ಕೊಯ್ಲಿನ ದಿನಗಳಲ್ಲಿ ಆಳು ಸಿಗದಿದ್ದರೆ ಮಗುವನ್ನು ತೋಟಕ್ಕೆ ಕರೆಯುವುದು ಅನಿವಾರ್ಯವಾಗಬಹುದು. ಹಾಗಾದರೆ ದಿನದಲ್ಲಿ ಯಾವ ಎರಡು ಹೊತ್ತು ಅದರ ಓದಿಗೆ ಮೀಸಲೆಂದು ಮೊದಲೇ ಮಾತಾಡಿಕೊಳ್ಳಿ, ಆ ಹೊತ್ತನ್ನು ಮುಟ್ಟಬೇಡಿ. ಸಾಲದ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ, ಆದರೆ ಪರೀಕ್ಷೆಯ ಹಿಂದಿನ ದಿನ ಅದನ್ನು ನೆನಪಿಸುವುದರಿಂದ ಅಂಕ ಹೆಚ್ಚುವುದಿಲ್ಲ.

ಓದುವವರಿಗೆ ಓದೇ ಕಾಯಕ. ಕಾಯಕವೆಂದರೆ ಶರೀರವನ್ನು ಸುಡುವುದಲ್ಲ, ದಿನವೂ ಸತ್ಯವಾಗಿ ದುಡಿಯುವುದು. ಈ ಸೆಮಿಸ್ಟರಿನ ಮೊದಲ ವಾರದಲ್ಲಿರುವ ಮಕ್ಕಳು ಇಂದು ಸಂಜೆಯೇ ಒಂದು ಖಾಲಿ ಹಾಳೆ ತೆಗೆದುಕೊಂಡು, ಪುಸ್ತಕ ಮುಚ್ಚಿ, ಬೆಳಿಗ್ಗೆ ಕೇಳಿದ ಪಾಠವನ್ನು ಬರೆಯಲಿ. ಪರೀಕ್ಷೆಗೆ ಒಂದೇ ವಾರ ಉಳಿದವರು ಎಲ್ಲವನ್ನೂ ಹಿಡಿಯಹೋಗದೆ, ಪ್ರತಿ ಮಾಡ್ಯೂಲಿನ ತಮಗೆ ತಿಳಿದ ಭಾಗವನ್ನು ಗಟ್ಟಿಮಾಡಿಕೊಂಡು, ರಾತ್ರಿ ಹತ್ತಕ್ಕೆ ದೀಪ ಆರಿಸಿ ಮಲಗಲಿ.